ಆಟದ ನಿಯಂತ್ರಕ: ಕೊಳ್ಳುವ ಮುನ್ನ ಒಂದಿಷ್ಟು ಭೌತವಿಜ್ಞಾನ

ಸಂಕ್ರಾಂತಿ ಕಳೆದ ವಾರದಲ್ಲಿ ನಮ್ಮ ದ್ವಿತೀಯ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, “ಸಾರ್, ಇದನ್ನು ಒಮ್ಮೆ ನೋಡುತ್ತೀರಾ?” ಎಂದು ಕೇಳಿದನು. ಅವನ ಕೈಯಲ್ಲಿದ್ದುದು ವಿಡಿಯೊ ಆಟಗಳನ್ನು ಆಡಲು ಉಪಯೋಗಿಸುವ ಕಂಟ್ರೋಲರು. ಎರಡು ಅಂಗೈಗಳ ನಡುವೆ ಹಿಡಿಯುವ, ಮೇಲುಗಡೆ ಎರಡು ಗಿಡ್ಡ ಕೋಲುಗಳೂ ಹತ್ತಾರು ಗುಂಡಿಗಳೂ ಇರುವ ಈ ಉಪಕರಣವನ್ನು ವಾಚಕರಲ್ಲಿ ಬಹುಮಂದಿ ನೋಡಿಯೇ ಇರುವರು. ಇದನ್ನು ಈ ಲೇಖನದಲ್ಲಿ ನಾವು ನಿಯಂತ್ರಕವೆಂದು ಕರೆಯೋಣ. ಅವನ ನಿಯಂತ್ರಕಕ್ಕೆ ಬಂದಿದ್ದ ರೋಗ ವಿಚಿತ್ರವಾದುದು. ಯಾರೂ ಮುಟ್ಟದೆ ಮೇಜಿನ ಮೇಲೆ ಇಟ್ಟಿದ್ದರೂ ಪರದೆಯ ಮೇಲಿನ ಕಾರು ತಾನಾಗಿಯೇ ಎಡಕ್ಕೆ ಎಳೆಯುತ್ತಿತ್ತು.

ಅದನ್ನು ಅವನು ಕೊಂಡದ್ದು ಅದರ ಹಿಂದಿನ ವರ್ಷದ ದಸರೆಯ ರಜೆಯಲ್ಲಿ, ಊರಿನ ತೋಟದ ಮನೆಗಳಲ್ಲಿ ಅಡಕೆ ಸುಲಿದು ಬಂದ ಕೂಲಿಯಿಂದ. ಒಂದು ವರ್ಷದ ಖಾತರಿ ಮುಗಿದು ಮೂರು ತಿಂಗಳಾಗಿದ್ದಿತು. ಈ ಸಲದ ಕೂಲಿಯಲ್ಲಿ ಉಳಿಸಿದ 4,500 ರೂಪಾಯಿ ಅವನ ಬಳಿ ಇತ್ತು. ಮತ್ತೊಂದನ್ನು ಕೊಳ್ಳಬೇಕು, ಆದರೆ ಅದಕ್ಕೂ ಇದೇ ಗತಿಯಾದರೆ? ಇನ್ನೊಂದು ತೊಡಕೂ ಇತ್ತು. ಅವನ ತಂಗಿಯೂ ಅದೇ ನಿಯಂತ್ರಕದಲ್ಲಿ ಆಡುವಳು. ಬಾಲ್ಯದಲ್ಲಿ ಬಿದ್ದು ಮುರಿದ ಅವಳ ಬಲಗೈಯ ತೋರುಬೆರಳು ಈಗಲೂ ಸರಿಯಾಗಿ ಮಡಚದು; ಕಾರಿನ ವೇಗವನ್ನು ಹೆಚ್ಚಿಸುವ ಕೀಲಾದರೋ ಆ ಬೆರಳಿಗೇ ಮೀಸಲು. ಒಂದು ನಿಯಂತ್ರಕ, ಇಬ್ಬರ ಕೈಗಳು, 4,500 ರೂಪಾಯಿ. ಪೇಟೆಯ ಅಂಗಡಿಯಲ್ಲಿ ತೋರಿಸಿದ ನಾಲ್ಕು ಪೆಟ್ಟಿಗೆಗಳ ಮೇಲೂ ‘ನಿಮ್ಮ ಇಷ್ಟದಂತೆ ಹೊಂದಿಸಿಕೊಳ್ಳಬಹುದು’ ಎಂದೇ ಬರೆದಿತ್ತಂತೆ. ಹೊಂದಿಸಿಕೊಳ್ಳಬಹುದಾದುದು ಯಾವುದು, ಯಾವುದಕ್ಕೆ ಹಣ ಕೊಡುವುದು ಸಾರ್ಥಕ, ಯಾವುದು ಬರಿಯ ಬೆಡಗು ಎಂಬುದನ್ನು ನಮಗೆ ತಿಳಿದಿರುವ ಭೌತವಿಜ್ಞಾನದಿಂದ ವಿಚಾರಿಸಿ ನೋಡೋಣ.

ಕೋಲಿನ ಒಳಗೆ ಇರುವುದೇನು?

ಕೈಯ ಚಲನೆಯನ್ನು ವಿದ್ಯುತ್ ಸಂಜ್ಞೆಯನ್ನಾಗಿ ಮಾರ್ಪಡಿಸುವುದೇ ನಿಯಂತ್ರಕದ ಕೆಲಸ. ಈ ಕೆಲಸಕ್ಕೆ ಮೊದಲಿನಿಂದಲೂ ಬಳಕೆಯಲ್ಲಿರುವುದು ಪೊಟೆನ್ಶಿಯೊಮೀಟರು. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿಗಳು ಸಂದರ್ಶಕರ ವಿನೋದಕ್ಕಾಗಿ ಆಸಿಲೊಸ್ಕೋಪಿನ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ಮಾಡಿ ತೋರಿಸಿದರು. ಆಟಗಾರರ ಕೈಗೆ ಕೊಟ್ಟದ್ದು ತಂತಿಯ ತುದಿಯಲ್ಲಿದ್ದ ಒಂದೊಂದು ಚಿಕ್ಕ ಪೆಟ್ಟಿಗೆ. ಅದರಲ್ಲಿ ಚೆಂಡನ್ನು ಹೊಡೆಯಲು ಒಂದು ಗುಂಡಿ, ಹೊಡೆತದ ಕೋನವನ್ನು ಬದಲಿಸಲು ಒಂದು ತಿರುಗಣೆ. 1972ರಲ್ಲಿ ಬಂದ ‘ಪಾಂಗ್’ ಆಟದ ತಿರುಗಣೆಯ ಹಿಂದೆಯೂ ಪೊಟೆನ್ಶಿಯೊಮೀಟರೇ ಇದ್ದಿತು. ಇಂದಿನ ಬಹುತೇಕ ಅಗ್ಗದ ನಿಯಂತ್ರಕಗಳ ಒಳಗೂ, ಕೆಲವು ದುಬಾರಿಯಾದವುಗಳ ಒಳಗೂ, ಇರುವುದು ಅದೇ.

ಹಳೆಯ ರೇಡಿಯೊ ಇರುವ ಮನೆಯವರು ಧ್ವನಿಯನ್ನು ಏರಿಸಿ ಇಳಿಸುವ ತಿರುಗಣೆಯನ್ನು ನೆನಪಿಗೆ ತಂದುಕೊಳ್ಳಲಿ. ಅದರ ಒಳಗೆ ಇಂಗಾಲವನ್ನು ಬಳಿದ, ಕುದುರೆಲಾಳದ ಆಕಾರದ ಒಂದು ಪಟ್ಟಿ ಇರುವುದು. ಪಟ್ಟಿಯ ಎರಡು ತುದಿಗಳ ನಡುವೆ ವಿಭವಾಂತರವನ್ನು ಏರ್ಪಡಿಸಿ, ಪಟ್ಟಿಯ ಮೇಲೆ ಜಾರುವ ಲೋಹದ ನಾಲಗೆಯೊಂದರಿಂದ ನಡುವಣ ವಿಭವವನ್ನು ಹೊರಕ್ಕೆ ತೆಗೆಯುವರು. ತುದಿಗಳ ನಡುವೆ 3 ವೋಲ್ಟ್ ಇದೆ ಎಂದಿಟ್ಟುಕೊಂಡರೆ, ನಾಲಗೆ ಸರಿಯಾಗಿ ಮಧ್ಯದಲ್ಲಿದ್ದಾಗ 1.5 ವೋಲ್ಟ್ ದೊರೆಯುವುದು. ನಾಲಗೆ ಸರಿದಂತೆ ಈ ಬೆಲೆಯೂ ಸರಿಯುವುದು. ನಿಯಂತ್ರಕದ ಪ್ರತಿಯೊಂದು ಕೋಲಿಗೂ ಇಂಥ ಎರಡು ಪೊಟೆನ್ಶಿಯೊಮೀಟರುಗಳುಂಟು: ಎಡಬಲದ ಓಲುವಿಕೆಗೆ ಒಂದು, ಹಿಂದುಮುಂದಿನದಕ್ಕೆ ಇನ್ನೊಂದು. ಬೆರಳು ಬಿಟ್ಟೊಡನೆ ಕೋಲನ್ನು ಮಧ್ಯಕ್ಕೆ ತರಲು ಸ್ಪ್ರಿಂಗುಗಳಿರುವುವು.

ಹಳೆಯ ರೇಡಿಯೊದ ತಿರುಗಣೆಯನ್ನು ತಿರುಗಿಸಿದಾಗ ಕರಕರ ಎಂಬ ಸದ್ದು ಕೇಳಿಬರುವುದುಂಟಷ್ಟೆ. ನಾಲಗೆ ಉಜ್ಜಿ ಉಜ್ಜಿ ಇಂಗಾಲದ ಪದರ ಸವೆದಿರುವುದರ, ಸವೆದ ಪುಡಿಯೂ ಧೂಳೂ ನಡುವೆ ಸೇರಿರುವುದರ ಸೂಚನೆ ಅದು. ನಿಯಂತ್ರಕದ ಕೋಲಾದರೋ ಒಂದು ಸಂಜೆಯ ಆಟದಲ್ಲಿ ಸಾವಿರಾರು ಸಲ ಓಲಾಡುವುದು. ಅದರಲ್ಲಿಯೂ ಹೆಚ್ಚಾಗಿ ಮಧ್ಯಭಾಗದ ಆಚೀಚೆ. ಆದುದರಿಂದ ಪಟ್ಟಿ ಎಲ್ಲಕ್ಕಿಂತ ಹೆಚ್ಚು ಸವೆಯುವುದು ಮಧ್ಯದಲ್ಲಿಯೇ, ಅಂದರೆ ‘ಕೋಲು ನೆಟ್ಟಗಿದೆ’ ಎಂದು ತಿಳಿಸಬೇಕಾದ ಜಾಗದಲ್ಲಿಯೇ. ರೇಡಿಯೊದಲ್ಲಿ ಕಿವಿಗೆ ಕೇಳಿಸುವ ದೋಷ ಇಲ್ಲಿ ಕಣ್ಣಿಗೆ ಕಾಣಿಸುವುದು: ಕಾರು ಎಡಕ್ಕೆ ಎಳೆಯುವುದು.

ನಾವು ಆ ಹುಡುಗನ ನಿಯಂತ್ರಕವನ್ನು ಬಿಚ್ಚಿ, ಎಡಗಡೆಯ ಕೋಲಿನ ಘಟಕವನ್ನು ಬೆಸುಗೆಯಿಂದ ಬಿಡಿಸಿ, ಮಲ್ಟಿಮೀಟರಿನಿಂದ ಅಳೆದೆವು. ಪಟ್ಟಿಯ ಒಟ್ಟು ರೋಧ 10.2 ಕಿಲೋ ಓಮ್. ಕೋಲು ಪೂರ್ತಿ ಒಂದು ಕಡೆಗೆ ಓಲಿದಾಗ ನಾಲಗೆಗೂ ಒಂದು ತುದಿಗೂ ನಡುವೆ 1.9, ಇನ್ನೊಂದು ಕಡೆಗೆ ಓಲಿದಾಗ 8.3 ಕಿಲೋ ಓಮ್. ಎಂದರೆ ಮಧ್ಯದ ಬೆಲೆ 5.1 ಆಗಿರತಕ್ಕದ್ದು, ಆಚೀಚಿನ ವ್ಯಾಪ್ತಿ 3.2. ಆದರೆ ಬೆರಳು ಬಿಟ್ಟಾಗ ಮೀಟರು ತೋರಿಸಿದ್ದು 5.6. ಮತ್ತೊಮ್ಮೆ ತಟ್ಟಿ ಬಿಟ್ಟಾಗ 5.4, ಇನ್ನೊಮ್ಮೆ 5.6. ವ್ಯಾಪ್ತಿಯ 3.2ರಲ್ಲಿ 0.5 ಎಂದರೆ ನೂರಕ್ಕೆ ಸುಮಾರು 16 ಪಾಲು. ಹೆಬ್ಬೆರಳು ಮೇಲಿಲ್ಲದಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಕೋಲು ಅಷ್ಟರಮಟ್ಟಿಗೆ ಎಡಕ್ಕೆ ಓಲಿದೆ! ಹುಡುಗನು ಈ ಅಂಕಿಗಳನ್ನು ತನ್ನ ರೆಕಾರ್ಡು ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡನು. ಪಠ್ಯಕ್ರಮದ ಪೊಟೆನ್ಶಿಯೊಮೀಟರ್ ಪ್ರಯೋಗವನ್ನು ಅವನು ಇಷ್ಟು ಶ್ರದ್ಧೆಯಿಂದ ಮಾಡಿದ್ದನ್ನು ನಾವು ಕಂಡಿರಲಿಲ್ಲ.

ಜಡವಲಯವೆಂಬ ಮುಸುಕು

“ಸಾರ್, ಆಟದಲ್ಲಿ ಡೆಡ್ ಜೋನ್ ಎಂದು ಒಂದು ಇದೆ. ಅದನ್ನು ಹೆಚ್ಚಿಸಿದರೆ ಸರಿಹೋಗುತ್ತದೆ ಎಂದು ಸ್ನೇಹಿತ ಹೇಳಿದ,” ಎಂದನು ಹುಡುಗ. ಸ್ನೇಹಿತನ ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ.

ಡೆಡ್ ಜೋನನ್ನು ನಾವು ಜಡವಲಯವೆನ್ನಬಹುದು. ಯಾವ ಸ್ಪ್ರಿಂಗೂ ಕೋಲನ್ನು ಪ್ರತಿಸಲವೂ ಕೂದಲೆಳೆಯಷ್ಟೂ ತಪ್ಪದೆ ಅದೇ ಬಿಂದುವಿಗೆ ತರಲಾರದು. ಆದುದರಿಂದ ಮಧ್ಯದ ಸುತ್ತ ಒಂದು ಚಿಕ್ಕ ವಲಯವನ್ನು ಗುರುತಿಸಿ, ಕೋಲು ಅದರೊಳಗಿರುವವರೆಗೂ ‘ಚಲನೆ ಇಲ್ಲ’ ಎಂದೇ ಎಣಿಸುವಂತೆ ಆಟವನ್ನು ಬರೆದವರು ಏರ್ಪಡಿಸುವರು. ವಿಂಡೋಸ್ ಗಣಕಗಳಲ್ಲಿ ಬಹಳ ಬಳಕೆಯಲ್ಲಿರುವ ಎಕ್ಸ್‌ಇನ್‌ಪುಟ್ ಎಂಬ ಪದ್ಧತಿಯಲ್ಲಿ ಕೋಲಿನ ಓಲುವಿಕೆಯನ್ನು ಮಧ್ಯದಿಂದ ಒಂದು ಕಡೆಗೆ 32,767ರವರೆಗಿನ ಅಂಕಿಗಳಿಂದ ತಿಳಿಸುವರು. ಎಡಗೋಲಿಗೆ 7,849, ಬಲಗೋಲಿಗೆ 8,689 ಎಂದು ಜಡವಲಯದ ಅಂಕಿಗಳನ್ನು ಮೈಕ್ರೊಸಾಫ್ಟಿನವರು ಅದರಲ್ಲಿ ಸೂಚಿಸಿದ್ದಾರೆ. ಭಾಗಿಸಿ ನೋಡಿದರೆ ಇವು ಒಟ್ಟು ವ್ಯಾಪ್ತಿಯ ನೂರಕ್ಕೆ 24 ಮತ್ತು 26.5 ಪಾಲು! ಕೋಲಿನ ಚಲನೆಯ ಸುಮಾರು ನಾಲ್ಕನೆಯ ಒಂದು ಭಾಗವನ್ನು ಲೆಕ್ಕಕ್ಕೇ ಹಿಡಿಯದೆ ಬಿಡುವಷ್ಟು ಧಾರಾಳ. ಪೊಟೆನ್ಶಿಯೊಮೀಟರಿನ ಮೇಲೆ ಅದನ್ನು ಬಲ್ಲವರಿಗೇ ಎಷ್ಟು ನಂಬಿಕೆ ಎಂಬುದು ಇದರಿಂದ ತಿಳಿಯುವುದು.

ಈ ಅಂಕಿಯನ್ನೇ ಒಪ್ಪಬೇಕೆಂಬ ನಿಯಮವಿಲ್ಲ. ನಮ್ಮ ಹುಡುಗನ ಕಾರಿನ ಆಟದಲ್ಲಿ ಜಡವಲಯ ನೂರಕ್ಕೆ 8 ಇದ್ದಿತು, ದೋಷವು 16. ಜಡವಲಯವನ್ನು 20ಕ್ಕೆ ಏರಿಸಿದೊಡನೆ ಕಾರು ನೆಟ್ಟಗೆ ನಿಂತಿತು. ಆದರೆ ಇದರ ಬೆಲೆಯೇನು? ಕೋಲನ್ನು ಐದನೆಯ ಒಂದು ಪಾಲು ಓಲಿಸುವವರೆಗೂ ಕಾರು ಕದಲುವುದಿಲ್ಲ. ಉಳಿದ ನಾಲ್ಕು ಪಾಲುಗಳಲ್ಲಿಯೇ ಸೊನ್ನೆಯಿಂದ ಪೂರ್ಣದವರೆಗಿನ ತಿರುವುಗಳೆಲ್ಲ ಅಡಗಬೇಕು. ಆದುದರಿಂದ ಪ್ರತಿಯೊಂದು ಅಂಶದ ಓಲುವಿಕೆಗೂ ಕಾರು ಮೊದಲಿಗಿಂತ ಹೆಚ್ಚು ತಿರುಗುವುದು. ನೇರವಾದ ರಸ್ತೆಯಲ್ಲಿ ಸ್ವಲ್ಪವೇ ಸರಿಸಿಕೊಳ್ಳುವ ನಯ ಹೋಗಿ, ಕಾರು ಎತ್ತಿನ ಗಾಡಿಯಂತೆ ಮೊದಲು ಮಿಸುಕದೆ, ಆಮೇಲೆ ಒಮ್ಮೆಲೇ ಹೊರಳುವುದು. ಸವೆತ ಮುಂದುವರಿದು ದೋಷವು 20ನ್ನು ದಾಟಿದರೆ ಜಡವಲಯವನ್ನು ಇನ್ನೂ ಏರಿಸಬೇಕು. ಸೋರುವ ಮಾಡಿಗೆ ಕೆಳಗೆ ಪಾತ್ರೆ ಇಟ್ಟಂತೆ ಇದು.

ಹೀಗಿರುವುದರಿಂದ, ‘ಜಡವಲಯವನ್ನು ಹೊಂದಿಸಿಕೊಳ್ಳಬಹುದು’ ಎಂಬ ಸೌಕರ್ಯ ಅವಶ್ಯವಾದುದಾದರೂ ಅದರ ನಿಜವಾದ ಉಪಯೋಗ ವಲಯವನ್ನು ಹಿಗ್ಗಿಸುವುದರಲ್ಲಿಲ್ಲ, ಕುಗ್ಗಿಸುವುದರಲ್ಲಿದೆ. ಅದನ್ನು ನೂರಕ್ಕೆ ಮೂರಕ್ಕೋ ನಾಲ್ಕಕ್ಕೋ ಇಳಿಸಿಯೂ ಕಾರು ನೆಟ್ಟಗೆ ನಿಲ್ಲುವಂತಿದ್ದರೆ ಆ ಕೋಲು ಒಳ್ಳೆಯದು. ಇದು ಸಾಧ್ಯವಾಗುವುದು ಹೇಗೆ?

ಒಂದನ್ನೊಂದು ಮುಟ್ಟದ ಉಪಾಯ

ಉಜ್ಜುವುದರಿಂದಲೇ ಕೇಡು ಎಂದಾದರೆ ಉಜ್ಜದೆಯೇ ಅಳೆಯುವ ದಾರಿಯನ್ನು ಹುಡುಕಬೇಕು. ಆ ದಾರಿ 1879ರಲ್ಲಿಯೇ ತೆರೆದಿತ್ತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಎಡ್ವಿನ್ ಹಾಲ್ ಎಂಬುವರು ತೆಳ್ಳನೆಯ ಚಿನ್ನದ ರೇಕಿನಲ್ಲಿ ವಿದ್ಯುತ್ಪ್ರವಾಹವನ್ನು ಹರಿಯಿಸಿ, ರೇಕಿಗೆ ಲಂಬವಾಗಿ ಬಲವಾದ ಕಾಂತಕ್ಷೇತ್ರವನ್ನು ಏರ್ಪಡಿಸಿದಾಗ, ಪ್ರವಾಹಕ್ಕೆ ಅಡ್ಡವಾಗಿ ರೇಕಿನ ಎರಡು ಅಂಚುಗಳ ನಡುವೆ ಅತ್ಯಲ್ಪವಾದ ವಿಭವಾಂತರ ತೋರಿಬಂದಿತು. ಎಲೆಕ್ಟ್ರಾನು ಎಂಬುದೊಂದಿದೆ ಎಂದು ಜಗತ್ತಿಗೆ ತಿಳಿದದ್ದು ಅದಾದ 18 ವರ್ಷಗಳ ಮೇಲೆ! ಈಗ ನಮಗೆ ಕಾರಣ ಸುಲಭವಾಗಿ ತಿಳಿಯುವುದು. ಚಲಿಸುವ ಎಲೆಕ್ಟ್ರಾನುಗಳ ಮೇಲೆ ಕಾಂತಕ್ಷೇತ್ರವು ಪಕ್ಕಕ್ಕೆ ಬಲವನ್ನು ಪ್ರಯೋಗಿಸುವುದು. ಅವು ಒಂದು ಅಂಚಿನ ಕಡೆಗೆ ಹೆಚ್ಚಾಗಿ ಸೇರುವುವು. ಇನ್ನೊಂದು ಅಂಚಿನಲ್ಲಿ ಕೊರತೆಯಾಗುವುದು. ಕ್ಷೇತ್ರವು ಬಲವಾದಷ್ಟೂ ಈ ವಿಭವಾಂತರವೂ ಹೆಚ್ಚು. ಲೋಹಗಳಲ್ಲಿ ಎಲೆಕ್ಟ್ರಾನುಗಳು ಕಿಕ್ಕಿರಿದಿರುವುದರಿಂದ ಪರಿಣಾಮ ಬಹಳ ಚಿಕ್ಕದು. ವಿದ್ಯುದ್ವಾಹಕ ಕಣಗಳು ವಿರಳವಾಗಿರುವ ಅರೆವಾಹಕಗಳಲ್ಲಿ ದೊಡ್ಡದು. ನಮ್ಮ ಪದವಿ ತರಗತಿಗಳಲ್ಲಿ ಈ ಪ್ರಯೋಗವನ್ನು ಜರ್ಮೇನಿಯಮ್ ಹರಳಿನಿಂದ ಮಾಡಿಸುವುದು ಈ ಕಾರಣದಿಂದಲೇ.

ಇನ್ನು ಕೋಲಿನ ಬುಡಕ್ಕೆ ಒಂದು ಪುಟ್ಟ ಅಯಸ್ಕಾಂತವನ್ನು ಅಂಟಿಸಿ, ಅದರ ಎದುರಿಗೆ ಕದಲದಂತೆ ಹಾಲ್ ಸಂವೇದಕವೊಂದನ್ನು ಇಟ್ಟೆವೆನ್ನಿ. ಕೋಲು ಓಲಿದಂತೆ ಅಯಸ್ಕಾಂತ ಸರಿಯುವುದು, ಸಂವೇದಕದ ಮೇಲಿನ ಕ್ಷೇತ್ರ ಬದಲಾಗುವುದು, ವಿಭವಾಂತರವೂ ಅದನ್ನು ಹಿಂಬಾಲಿಸುವುದು. ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಆದುದರಿಂದ ಅಳತೆಯ ಭಾಗದಲ್ಲಿ ಸವೆತವೆಂಬುದಿಲ್ಲ. ಇದೇನೂ ಇತ್ತೀಚಿನ ಯೋಚನೆಯಲ್ಲ. ಜಪಾನಿನ ಸೆಗಾ ಕಂಪನಿಯು 1996ರಲ್ಲಿ ಸ್ಯಾಟರ್ನ್ ಯಂತ್ರಕ್ಕಾಗಿ ಮಾಡಿದ ನಿಯಂತ್ರಕದಲ್ಲಿಯೂ, 1998ರ ಡ್ರೀಮ್‌ಕಾಸ್ಟಿನಲ್ಲಿಯೂ ಹಾಲ್ ಸಂವೇದಕಗಳಿದ್ದುವು. ಆಮೇಲೆ ಬಹುಕಾಲ ದೊಡ್ಡ ಕಂಪನಿಗಳು ಬಹುಮಟ್ಟಿಗೆ ಪೊಟೆನ್ಶಿಯೊಮೀಟರನ್ನೇ ಹಿಡಿದುಕೊಂಡು ಬಂದುವು.

ಹಾಲ್ ಕೋಲು ಚಿರಂಜೀವಿ ಎಂದು ಯಾರೂ ಭಾವಿಸಬಾರದು. ಸಂವೇದಕ ಸವೆಯದಿದ್ದರೂ ಸ್ಪ್ರಿಂಗು ಸಡಿಲವಾಗುವುದು, ಪ್ಲಾಸ್ಟಿಕ್ಕಿನ ಕೀಲುಗಳು ಸವೆಯುವುವು. ಕೋಲೇ ಮಧ್ಯಕ್ಕೆ ಬಾರದಿದ್ದರೆ ಸಂವೇದಕ ಮಾಡುವುದೇನು? ಬಲವಾದ ಅಯಸ್ಕಾಂತವನ್ನು ಪಕ್ಕದಲ್ಲಿ ತಂದಿಟ್ಟರೂ ಅಳತೆ ಕೆಡಬಹುದು. ಆದರೂ ನಮ್ಮ ಹುಡುಗನ ನಿಯಂತ್ರಕವನ್ನು ಕೊಂದ ರೋಗ ಇದಕ್ಕೆ ತಗಲುವುದಿಲ್ಲ ಎಂಬುದು ದೊಡ್ಡ ಲಾಭ.

ಇತ್ತೀಚೆಗೆ ಪೆಟ್ಟಿಗೆಗಳ ಮೇಲೆ ಟಿ.ಎಂ.ಆರ್. ಎಂಬ ಮೂರು ಅಕ್ಷರಗಳೂ ಕಾಣಿಸಿಕೊಳ್ಳುತ್ತಿವೆ. ಎರಡು ಕಾಂತೀಯ ಲೋಹಪದರಗಳ ನಡುವೆ ಒಂದೆರಡು ನ್ಯಾನೊಮೀಟರ್ ದಪ್ಪದ ಅವಾಹಕ ಪದರವನ್ನಿಟ್ಟರೆ, ಎಲೆಕ್ಟ್ರಾನುಗಳು ಅದನ್ನು ಕ್ವಾಂಟಮ್ ನಿಯಮದಂತೆ ಸುರಂಗ ಕೊರೆದವರ ಹಾಗೆ ದಾಟುವುವು. ದಾಟುವುದು ಸುಲಭವೋ ಕಷ್ಟವೋ ಎಂಬುದು ಆ ಎರಡು ಪದರಗಳ ಕಾಂತತ್ವದ ದಿಕ್ಕುಗಳನ್ನು ಅವಲಂಬಿಸಿರುವುದು. ಕೊಠಡಿಯ ಉಷ್ಣತೆಯಲ್ಲಿ ಈ ಪರಿಣಾಮವನ್ನು ದೊಡ್ಡ ಪ್ರಮಾಣದಲ್ಲಿ 1995ರಲ್ಲಿ ತೋರಿಸಿಕೊಟ್ಟವರು ಇಬ್ಬರು: ಜಪಾನಿನ ಮಿಯಾಜಾಕಿ, ಮತ್ತು ಅಮೆರಿಕದ ಎಂ.ಐ.ಟಿ.ಯಲ್ಲಿದ್ದ, ಭಾರತ ಮೂಲದವರಾದ ಜಗದೀಶ ಮೂಡೇರ. ಈ ಸಂವೇದಕವೂ ಮುಟ್ಟದೆಯೇ ಅಳೆಯುವುದು. ಹಾಲ್ ಸಂವೇದಕಕ್ಕಿಂತ ಹೆಚ್ಚು ಸೂಕ್ಷ್ಮ, ಅದಕ್ಕಿಂತ ಬಹಳ ಕಡಮೆ ವಿದ್ಯುತ್ತನ್ನು ತಿನ್ನುವುದು. ಆದರೆ ಇಲ್ಲಿ ಒಂದು ಮಾತನ್ನು ಮರೆಯಬಾರದು. ವಿದ್ಯುತ್ತಿನ ಉಳಿತಾಯ ಬ್ಯಾಟರಿಯಿಂದ ನಡೆಯುವ ನಿಯಂತ್ರಕಕ್ಕೆ ಬೇಕಾದುದು. ತಂತಿಯುಳ್ಳದ್ದಕ್ಕೆ ಕಂಪ್ಯೂಟರೇ 5 ವೋಲ್ಟಿನಲ್ಲಿ ಬೇಕಾದಷ್ಟು ಕೊಡುತ್ತದೆ. ತಂತಿಯ ನಿಯಂತ್ರಕವನ್ನು ಕೊಳ್ಳುವವರು ಹಾಲ್ ಸಿಕ್ಕಿದರೆ ತೃಪ್ತಿಪಡಬಹುದು. ಅದೇ ಬೆಲೆಗೆ ಟಿ.ಎಂ.ಆರ್. ಸಿಕ್ಕಿದರೆ ಬೇಡವೆನ್ನಬೇಕಾದುದಿಲ್ಲ.

ತಂತಿ ಏಕೆ?

ತಂತಿಯಲ್ಲಿ ಸಂಜ್ಞೆ ವೇಗವಾಗಿ ಹೋಗುವುದೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಪ್ರಬಲವಾಗಿದೆ. ವಾಸ್ತವವಾಗಿ ತಂತಿಯಲ್ಲಿ ಸಂಜ್ಞೆಯ ವೇಗ ಬೆಳಕಿನ ವೇಗದ ಸುಮಾರು ಮೂರನೆಯ ಎರಡು ಪಾಲು; ಗಾಳಿಯಲ್ಲಿ ಹೋಗುವ ರೇಡಿಯೊ ಅಲೆಯೇ ಇದಕ್ಕಿಂತ ವೇಗಶಾಲಿ! 3 ಮೀಟರ್ ತಂತಿಯನ್ನು ದಾಟಲು ಬೇಕಾದ ಕಾಲ ಒಂದು ಸೆಕೆಂಡಿನ ಕೋಟಿಯ ಲೆಕ್ಕದ್ದು, 15 ನ್ಯಾನೊಸೆಕೆಂಡು. ತಡವಾಗುವುದು ದಾರಿಯಲ್ಲಲ್ಲ, ಸರದಿಗಾಗಿ ಕಾಯುವುದರಲ್ಲಿ.

ಯು.ಎಸ್.ಬಿ. ಪದ್ಧತಿಯಲ್ಲಿ ನಿಯಂತ್ರಕವು ತಾನಾಗಿ ಮಾತಾಡುವಂತಿಲ್ಲ. ಹಾಜರಿ ಕೂಗುವ ಉಪಾಧ್ಯಾಯರಂತೆ ಕಂಪ್ಯೂಟರು ಗೊತ್ತಾದ ಅಂತರದಲ್ಲಿ ‘ಏನಾದರೂ ಸುದ್ದಿಯುಂಟೆ?’ ಎಂದು ಕೇಳುವುದು. ಆಗ ಮಾತ್ರ ಉತ್ತರ. ಇದನ್ನೇ ಪೋಲಿಂಗ್ ಎನ್ನುವರು. ಸೆಕೆಂಡಿಗೆ 125 ಸಲ ಕೇಳಿದರೆ ಎರಡು ಪ್ರಶ್ನೆಗಳ ನಡುವೆ 8 ಮಿಲಿಸೆಕೆಂಡು; ಗುಂಡಿಯನ್ನು ಒತ್ತಿದ ಮೇಲೆ ಸರಾಸರಿ 4 ಮಿಲಿಸೆಕೆಂಡು ಕಾಯಬೇಕು. ಸೆಕೆಂಡಿಗೆ 1,000 ಸಲ ಕೇಳಿದರೆ ಸರಾಸರಿ ಅರ್ಧ ಮಿಲಿಸೆಕೆಂಡು. ಉಳಿತಾಯ 3.5 ಮಿಲಿಸೆಕೆಂಡು. ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುವ ಸಾಧಾರಣ ಪರದೆಯಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ 16.7 ಮಿಲಿಸೆಕೆಂಡು, ಬೆಳಕನ್ನು ಕಂಡು ಬೆರಳನ್ನು ಒತ್ತಲು ಮನುಷ್ಯನಿಗೆ ಬೇಕಾದದ್ದು ಸುಮಾರು 200 ಮಿಲಿಸೆಕೆಂಡು. ಇವುಗಳ ಪಕ್ಕದಲ್ಲಿ 3.5 ದೊಡ್ಡದಲ್ಲ, ಆದರೆ ಹೊಡೆದಾಟದ ಆಟಗಳಲ್ಲಿ ತೀರ ಸೊನ್ನೆಯೂ ಅಲ್ಲ. 1,000ದಿಂದ 8,000ಕ್ಕೆ ಏರಿಸಿದರೆ ಸಿಗುವ ಉಳಿತಾಯ ಅರ್ಧ ಮಿಲಿಸೆಕೆಂಡಿಗಿಂತಲೂ ಕಡಮೆ. ಅದಕ್ಕಾಗಿ ಹೆಚ್ಚಿನ ಹಣವನ್ನು ತೆರುವುದು ನಮಗೆ ಸರಿಕಾಣುವುದಿಲ್ಲ.

ತಂತಿಯ ನಿಜವಾದ ಗುಣ ಬೇರೆ. ಬ್ಲೂಟೂತ್, ವೈಫೈ, ಮೈಕ್ರೊವೇವ್ ಒಲೆ ಎಲ್ಲವೂ 2.4 ಗಿಗಾಹರ್ಟ್ಸಿನ ಒಂದೇ ಸಂತೆಯಲ್ಲಿ ಕೂಗಾಡುವುವು. ಒಂದು ಮಾತು ಕೇಳಿಸದಿದ್ದರೆ ಮತ್ತೆ ಹೇಳಬೇಕು, ಆ ಹೊತ್ತು ವ್ಯರ್ಥ. ತಂತಿಗೆ ಈ ಗಲಭೆಯಿಲ್ಲ. ಬ್ಯಾಟರಿಯೂ ಇಲ್ಲ, ಆದುದರಿಂದ ತೂಕ ಕಡಮೆ, ಬೆಲೆ ಕಡಮೆ, ಮೂರು ವರ್ಷಗಳಾದ ಮೇಲೆ ಬ್ಯಾಟರಿ ಸಾಯುವ ಭಯವೂ ಇಲ್ಲ. ಆದರೆ ತಂತಿಯು ನಿಯಂತ್ರಕದೊಳಕ್ಕೆ ಹೋಗುವ ಜಾಗದಲ್ಲಿ ಬಗ್ಗಿ ಬಗ್ಗಿ ಮುರಿಯುವುದುಂಟು. ಕಳಚಬಹುದಾದ ತಂತಿಯಿದ್ದರೆ ತಂತಿಯನ್ನು ಮಾತ್ರ ಬದಲಾಯಿಸಿದರಾಯಿತು. ಕೆಲವು ನಿಯಂತ್ರಕಗಳಲ್ಲಿ ತಂತಿ ಕೂರುವ ಕುಳಿ ಎಷ್ಟು ಇಕ್ಕಟ್ಟಾಗಿರುವುದೆಂದರೆ ಬೇರೆ ಯಾವ ತಂತಿಯೂ ಒಳಗೆ ಹೋಗದು. ನಿಮ್ಮ ಫೋನಿನ ತಂತಿಯನ್ನು ಅಂಗಡಿಗೆ ಕೊಂಡುಹೋಗಿ ಸಿಕ್ಕಿಸಿ ನೋಡಿ.

ಯಾರ ಕೈಗೆ ಹೊಂದಬೇಕು?

ಹುಡುಗನ ತಂಗಿಯನ್ನೂ ಒಂದು ಶನಿವಾರ ಪ್ರಯೋಗಶಾಲೆಗೆ ಕರೆತರುವಂತೆ ಹೇಳಿದೆವು. ನಮ್ಮ ಸಹೋದ್ಯೋಗಿಯೊಬ್ಬರು ತಮ್ಮ ಮಗನ ನಿಯಂತ್ರಕವನ್ನು ಕೊಟ್ಟಿದ್ದರು. ಅದರ ಹಿಂಬದಿಯಲ್ಲಿ, ನಡುಬೆರಳುಗಳು ಬರುವ ಕಡೆಯಲ್ಲಿ, ಎರಡು ಹೆಚ್ಚುವರಿ ಗುಂಡಿಗಳಿದ್ದುವು. ಇಂಥ ಗುಂಡಿಗೆ ಮುಂದಿನ ಯಾವ ಗುಂಡಿಯ ಕೆಲಸವನ್ನಾದರೂ ವಹಿಸಬಹುದು. ಹೆಬ್ಬೆರಳು ಕೋಲನ್ನು ಬಿಡದೆಯೇ ನೆಗೆಯಬಹುದು, ಹಲ್ಲೆ ಮಾಡಬಹುದು ಎಂಬುದು ಪೆಟ್ಟಿಗೆಯ ಮೇಲಿನ ಹೊಗಳಿಕೆ. ಈ ಹುಡುಗಿಗೆ ಅದರ ಅರ್ಥವೇ ಬೇರೆ: ತೋರುಬೆರಳು ಮಾಡಲಾರದ ಕೆಲಸವನ್ನು ನಡುಬೆರಳು ಮಾಡಬಹುದು.

ವೇಗದ ಕೀಲನ್ನು, ಎಂದರೆ ಬಲಗಡೆಯ ಟ್ರಿಗರನ್ನು, ಹಿಂಬದಿಯ ಗುಂಡಿಗೆ ವಹಿಸಿದೆವು. ಕಾರು ಓಡಿತು, ಓಡಿ ಮೊದಲ ತಿರುವಿನಲ್ಲಿಯೇ ಗೋಡೆಗೆ ಬಡಿಯಿತು. ಎರಡನೆಯ ಸಲವೂ ಹಾಗೆಯೇ. “ಇದಕ್ಕೆ ನಿಧಾನವೇ ಗೊತ್ತಿಲ್ಲ ಸಾರ್,” ಎಂದಳು ಹುಡುಗಿ. ನಾವು ಯೋಚಿಸದೆ ಬಿಟ್ಟಿದ್ದುದನ್ನು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ಟ್ರಿಗರು ಎಷ್ಟು ಒತ್ತಿದರೆ ಅಷ್ಟನ್ನು ತಿಳಿಸುವ ಕೀಲು. ಎಕ್ಸ್‌ಇನ್‌ಪುಟ್ ಪದ್ಧತಿಯಲ್ಲಿ ಅದಕ್ಕೆ 0ದಿಂದ 255ರವರೆಗೆ 256 ಮೆಟ್ಟಿಲುಗಳು. ಹಿಂಬದಿಯ ಗುಂಡಿಯಾದರೋ ದೀಪದ ಸ್ವಿಚ್ಚಿನಂತೆ: ಉಂಟು ಅಥವಾ ಇಲ್ಲ. 256 ಮೆಟ್ಟಿಲುಗಳ ಏಣಿಯನ್ನು ಎರಡು ಮೆಟ್ಟಿಲಿಗೆ ಇಳಿಸಿದ ಮೇಲೆ ಗೋಡೆಗೆ ಬಡಿಯದೆ ಇನ್ನೇನಾದೀತು? ಕ್ರಮವಾಗಿ ಏರಿಳಿಯುವ ಕೀಲಿನ ಕೆಲಸವನ್ನು ಅಂಥದೇ ಇನ್ನೊಂದು ಕೀಲಿಗೆ ವಹಿಸಬೇಕು. ನಿಯಂತ್ರಕದಲ್ಲಿ ಅಂಥವು ನಾಲ್ಕೇ: ಎರಡು ಟ್ರಿಗರುಗಳು, ಎರಡು ಕೋಲುಗಳು. ಬಲಗೋಲು ಕಾರಿನ ಆಟದಲ್ಲಿ ಸುತ್ತಮುತ್ತ ನೋಡುವುದಕ್ಕೆ ಮಾತ್ರ ಬಳಕೆಯಾಗುತ್ತಿತ್ತು. ಆಟದ ಒಳಗಿನ ಏರ್ಪಾಡಿನಿಂದ ಅದನ್ನು ಮುಂದಕ್ಕೆ ಓಲಿಸಿದರೆ ವೇಗ, ಹಿಂದಕ್ಕೆ ಓಲಿಸಿದರೆ ತಡೆ ಎಂದು ಮಾಡಿದೆವು. ಆಟದಲ್ಲಿ ಅಂಥ ಅವಕಾಶವಿಲ್ಲದಿದ್ದರೆ ಸ್ಟೀಮ್ ಎಂಬ ತಂತ್ರಾಂಶದ ಮೂಲಕ ಮಾಡಬಹುದು. ಹತ್ತು ನಿಮಿಷಗಳಲ್ಲಿ ಹುಡುಗಿ ತಿರುವುಗಳನ್ನು ದಾಟತೊಡಗಿದಳು. ಅರ್ಧ ಗಂಟೆಯಲ್ಲಿ ಅಣ್ಣನನ್ನು ಹಿಂದೆ ಹಾಕಿದಳು. ಬ್ರೇಕಿಗೂ ವೇಗಕ್ಕೂ ಒಂದೇ ಹೆಬ್ಬೆರಳು ಸಾಕಾಗುತ್ತದೆ ಎಂಬುದೇ ತನಗೆ ಅನುಕೂಲ ಎಂದು ಅವಳ ವಾದ.

ಕೋಲಿನ ಅನುಪಾತವನ್ನು ಬದಲಿಸುವ ಏರ್ಪಾಡೂ ಅವಳಿಗೆ ಸಹಾಯಕವಾಯಿತು. ಸಾಮಾನ್ಯವಾಗಿ ಕೋಲನ್ನು ಅರ್ಧ ಓಲಿಸಿದರೆ ಅರ್ಧ ಫಲ. ಓಲುವಿಕೆಯ ವರ್ಗಕ್ಕೆ ಅನುಗುಣವಾಗಿ ಫಲ ಬರುವಂತೆ ಮಾಡಿದರೆ, ಅರ್ಧಕ್ಕೆ ಕಾಲು ಭಾಗ ಮಾತ್ರ; ಪೂರ್ಣಕ್ಕೆ ಪೂರ್ಣವೇ. ಮೊದಲಲ್ಲಿ ನಯ, ಕೊನೆಯಲ್ಲಿ ಬಿರುಸು. ಇದನ್ನು ಬೆಲೆಯಿಲ್ಲದ ಸೌಕರ್ಯವೆಂದು ಹಲವರು ಉಪೇಕ್ಷಿಸುವರು. ನಮ್ಮ ಅಭಿಪ್ರಾಯದಲ್ಲಿ ನಾಲ್ಕು ಹೆಚ್ಚುವರಿ ಗುಂಡಿಗಳಿಗಿಂತ ಇದು ಮೇಲು.

ಟ್ರಿಗರಿನ ಓಟವನ್ನು ಮೊಟಕುಗೊಳಿಸುವ ತಡೆಗೀಲು ಕೆಲವು ನಿಯಂತ್ರಕಗಳಲ್ಲಿ ಉಂಟು. ಗುಂಡು ಹಾರಿಸುವ ಆಟಗಳಲ್ಲಿ ಅದು ಒಳ್ಳೆಯದೇ. ಕಾರಿನ ಆಟದಲ್ಲಿ ಹಾಕಿಕೊಂಡರೆ ಟ್ರಿಗರು ಅರ್ಧದಲ್ಲಿಯೇ ನಿಂತು, ಕಾರೂ ಅರ್ಧ ವೇಗದಲ್ಲಿಯೇ ಉಳಿಯಬಹುದು. ಆಗ ನಿಯಂತ್ರಕ ಕೆಟ್ಟಿತೆಂದು ಅಂಗಡಿಗೆ ಓಡಬಾರದು. ಒಂದು ಒತ್ತಿಗೆ ಹಲವು ಒತ್ತುಗಳನ್ನು ಕಳುಹಿಸುವ ಟರ್ಬೊ, ಮ್ಯಾಕ್ರೊಗಳು ಅನೇಕ ಸ್ಪರ್ಧೆಗಳಲ್ಲಿ ನಿಷಿದ್ಧ. ಬಣ್ಣಬಣ್ಣದ ದೀಪಗಳ ವಿಷಯದಲ್ಲಿ ಹೇಳತಕ್ಕದ್ದೇನೂ ಇಲ್ಲ.

ಮಾಡಿಕೊಂಡ ಏರ್ಪಾಡು ಎಲ್ಲಿ ಉಳಿಯುವುದೆಂಬುದನ್ನು ಮಾತ್ರ ಕೇಳಿಯೇ ಕೊಳ್ಳಬೇಕು. ಅದು ಕಂಪ್ಯೂಟರಿನ ತಂತ್ರಾಂಶದಲ್ಲಿ ಉಳಿಯುವುದಾದರೆ ಹಾಸ್ಟೆಲಿನಲ್ಲಿಯೋ ಗೆಳೆಯನ ಮನೆಯಲ್ಲಿಯೋ ಎಲ್ಲವನ್ನೂ ಹೊಸದಾಗಿ ಮಾಡಬೇಕು. ನಿಯಂತ್ರಕದ ಒಳಗಿನ ಸ್ಮೃತಿಯಲ್ಲಿಯೇ ಉಳಿಯುವುದಾದರೆ, ಒಂದು ಗುಂಡಿಯಿಂದ ಅಣ್ಣನ ಏರ್ಪಾಡು, ಮತ್ತೊಮ್ಮೆ ಒತ್ತಿದರೆ ತಂಗಿಯದು.

ಕೈಯ ತೊಂದರೆ ಇದಕ್ಕಿಂತ ಹೆಚ್ಚಾಗಿರುವವರ ವಿಷಯವನ್ನೂ ಇಲ್ಲಿ ಹೇಳಬೇಕು. ಮೈಕ್ರೊಸಾಫ್ಟ್ ಕಂಪನಿಯು 2018ರಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಎಂಬುದನ್ನು ಹೊರತಂದಿತು. ಮೇಲೆ ಅಂಗೈಯಷ್ಟು ಅಗಲದ ಎರಡು ಗುಂಡಿಗಳು, ಹಿಂದೆ 3.5 ಮಿಲಿಮೀಟರಿನ 19 ರಂಧ್ರಗಳು. ಒಂದೊಂದು ರಂಧ್ರಕ್ಕೂ ಬೇರೆ ಬೇರೆ ಸ್ವಿಚ್ಚನ್ನು ಸಿಕ್ಕಿಸಿ, ಒಂದನ್ನು ಮೊಣಕೈಯಿಂದ, ಒಂದನ್ನು ಪಾದದಿಂದ, ಒಂದನ್ನು ಗಲ್ಲದಿಂದ ಒತ್ತಬಹುದು. ಸೋನಿ ಕಂಪನಿಯ ಇಂಥದೇ ಆಕ್ಸೆಸ್ ಎಂಬ ನಿಯಂತ್ರಕ 2023ರ ಡಿಸೆಂಬರಿನಲ್ಲಿ ಬಂದಿತು. ‘ಹೊಂದಿಸಿಕೊಳ್ಳಬಹುದು’ ಎಂಬ ಮಾತಿಗೆ ಪೂರ್ಣವಾದ ಅರ್ಥ ಇವುಗಳಲ್ಲಿ ಉಂಟು. ನಮ್ಮ ಹುಡುಗಿಗೆ ಅಷ್ಟರ ಅವಶ್ಯಕತೆ ಇರಲಿಲ್ಲ.

ಅಂಗಡಿಯಲ್ಲಿ

ಮೊದಲು ಯಂತ್ರಕ್ಕೂ ನಿಯಂತ್ರಕಕ್ಕೂ ಹೊಂದಿಕೆಯಿದೆಯೇ ಎಂದು ನೋಡಬೇಕು. ಎಕ್ಸ್‌ಬಾಕ್ಸಿಗೆ ಅದಕ್ಕೆಂದೇ ಪರವಾನಗಿ ಪಡೆದವು ಬೇಕು. ಪ್ಲೇಸ್ಟೇಷನ್ 5ರ ಆಟಗಳಿಗೆ ಪ್ಲೇಸ್ಟೇಷನ್ 4ರ ನಿಯಂತ್ರಕ ಸಲ್ಲದು. ವಿಂಡೋಸ್ ಗಣಕದವರಿಗೆ ಎಕ್ಸ್‌ಇನ್‌ಪುಟ್ ಇದ್ದರೆ ಚಿಂತೆಯಿಲ್ಲ.

ಆಮೇಲೆ ಸಂವೇದಕ. ಪೆಟ್ಟಿಗೆಯ ಮೇಲೆ ಕೋಲಿನ ವಿಷಯದಲ್ಲಿ ಹಾಲ್ ಎಂದೋ ಟಿ.ಎಂ.ಆರ್. ಎಂದೋ ಬರೆದಿಲ್ಲದಿದ್ದರೆ ಒಳಗಿರುವುದು ಪೊಟೆನ್ಶಿಯೊಮೀಟರೇ ಎಂದು ತಿಳಿಯಬಹುದು. ಇಲ್ಲಿ ಒಂದು ಜಾಣತನವುಂಟು: ಟ್ರಿಗರುಗಳಿಗೆ ಮಾತ್ರ ಹಾಲ್ ಸಂವೇದಕವನ್ನಿಟ್ಟು, ಆ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿಸುವುದು. ಕೋಲಿಗೆ ಇದೆಯೇ ಎಂಬುದನ್ನೇ ಕೇಳಿ. ಗುಂಡಿಗಳ ಸಂಖ್ಯೆಗೂ ಕೋಲಿನ ಗುಣಕ್ಕೂ ಸಂಬಂಧವಿಲ್ಲ. ತಂತಿಯವುಗಳಲ್ಲಿ ರೇಜರ್ ಕಂಪನಿಯ ವುಲ್ವರೀನ್ ವಿ2 ಕ್ರೋಮಾಕ್ಕೆ ಹೆಚ್ಚುವರಿ ಗುಂಡಿಗಳು ಆರು. 2023ರಲ್ಲಿ ಬಂದ ಗೇಮ್‌ಸರ್ ಜಿ7 ಎಸ್‌ಇಗೆ ಎರಡೇ, ಆದರೆ ಕೋಲುಗಳು ಹಾಲ್ ಬಗೆಯವು.

ಸಾಧ್ಯವಾದರೆ ನಿಮ್ಮದೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿ. ವಿಂಡೋಸಿನ ‘ಗೇಮ್ ಕಂಟ್ರೋಲರ್ಸ್’ ಎಂಬ ಕಿಟಕಿಯಲ್ಲಿ ಕೋಲಿನ ಸ್ಥಾನ ಒಂದು ಚಿಕ್ಕ ಗುರುತಾಗಿ ಕಾಣುವುದು. ಕೋಲನ್ನು ಎಡಕ್ಕೆ ತಟ್ಟಿ ಬಿಡಿ, ಬಲಕ್ಕೆ ತಟ್ಟಿ ಬಿಡಿ, ಹತ್ತು ಸಲ. ಗುರುತು ಪ್ರತಿಸಲವೂ ಒಂದೇ ಜಾಗಕ್ಕೆ ಬರಬೇಕು. ಕೋಲನ್ನು ಅಂಚಿಗೆ ಒತ್ತಿ ನಿಧಾನವಾಗಿ ಸುತ್ತಿಸಿದರೆ ಗುರುತೂ ಹಾರದೆ, ತಡವರಿಸದೆ ಸುತ್ತಬೇಕು. ಅಂಗಡಿಯವರು ಪೆಟ್ಟಿಗೆ ಬಿಚ್ಚಲು ಒಪ್ಪದಿದ್ದರೆ, ಹಿಂದಿರುಗಿಸುವ ಅವಧಿ ಎಷ್ಟೆಂದು ಕೇಳಿ, ಈ ಪರೀಕ್ಷೆಯನ್ನು ಮನೆಗೆ ಹೋದ ದಿನವೇ ಮಾಡಬೇಕು.

ಅಣ್ಣತಂಗಿಯರು ಫೆಬ್ರವರಿಯಲ್ಲಿ ಕೊಂಡದ್ದು ತಂತಿಯ, ಹಾಲ್ ಕೋಲಿನ, ಹಿಂದೆ ಎರಡು ಗುಂಡಿಗಳಿರುವ, ಏರ್ಪಾಡುಗಳನ್ನು ತನ್ನೊಳಗೇ ಇಟ್ಟುಕೊಳ್ಳುವ ನಿಯಂತ್ರಕ. ಕೈಯಲ್ಲಿದ್ದುದಕ್ಕಿಂತ 300 ರೂಪಾಯಿ ಹೆಚ್ಚಾಯಿತಂತೆ. ಅದನ್ನು ತಂಗಿ ಕೊಟ್ಟಳು. ಜಡವಲಯವನ್ನು ನೂರಕ್ಕೆ 3ಕ್ಕೆ ಇಳಿಸಿದ್ದಾರೆ. ಬಲಗೋಲು ವೇಗಕ್ಕೆ ಹೋದುದರಿಂದ ಹಿಂದೆ ತಿರುಗಿ ನೋಡುವುದಕ್ಕೆ ಹುಡುಗಿಗೆ ದಾರಿಯಿರಲಿಲ್ಲ. ಅದನ್ನು ಹಿಂಬದಿಯ ಎಡಗುಂಡಿಗೆ ವಹಿಸಿಕೊಂಡಿದ್ದಾಳೆ. ಹಿಂದೆ ನೋಡುವುದಕ್ಕೆ 256 ಮೆಟ್ಟಿಲುಗಳು ಬೇಡವಷ್ಟೆ. ಹಳೆಯ ಕೋಲಿನ ಘಟಕ ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿದೆ. ಮೊದಲ ವರ್ಷದ ವಿದ್ಯಾರ್ಥಿಗಳು ಅದನ್ನು ಅಳೆದು 5.1 ಬರಬೇಕಾದ ಕಡೆ 5.6 ಏಕೆ ಬಂತೆಂದು ತಲೆ ಕೆರೆದುಕೊಳ್ಳುತ್ತಿದ್ದಾರೆ.